ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಏದುಸಿರು ಮತ್ತು ಮಾನಸಿಕ ಬೆಂಬಲ

ಶ್ವಾಸಕೋಶದ ಕ್ಯಾನ್ಸರ್ ಇರುವವರು ಏದುಸಿರನ್ನು ತಾಳಿಕೊಳ್ಳಲು ನೆರವಾಗುವಂತೆ ರೋಗಿಗೂ ಮನೆಯವರಿಗೂ ನೀಡುವ ಆಪ್ತಸಮಾಲೋಚನೆ, ಉಸಿರಾಟದ ತರಬೇತಿ ಮತ್ತು ಆತಂಕ ನಿರ್ವಹಣೆಯನ್ನು ಒಟ್ಟಾಗಿ ಮಾನಸಿಕ ಬೆಂಬಲ ಎನ್ನಲಾಗುತ್ತದೆ. ಇದು ಉಪಶಾಮಕ ಆರೈಕೆಯ ಒಂದು ಭಾಗ. ಇದರಿಂದ ಗೆಡ್ಡೆ ಕುಗ್ಗುವುದಿಲ್ಲ. ಇದು ಕ್ಯಾನ್ಸರ್ ಚಿಕಿತ್ಸೆಗೆ ಬದಲಿಯೂ ಅಲ್ಲ. ಏದುಸಿರಿನೊಡನೆ ಬರುವ ಭಯವನ್ನು ತಗ್ಗಿಸುವುದು ಮತ್ತು ದಿನನಿತ್ಯದ ಬದುಕು ಆದಷ್ಟು ಕಾಲ ರೋಗಿಯ ಹಿಡಿತದಲ್ಲೇ ಉಳಿಯುವಂತೆ ಮಾಡುವುದು ಇದರ ಗುರಿ.

ಕಾರಣಗಳು

ಗೆಡ್ಡೆಯು ಶ್ವಾಸನಾಳವನ್ನು ಒತ್ತುವುದು, ಶ್ವಾಸಕೋಶದ ಸುತ್ತ ನೀರು ತುಂಬುವುದು, ರಕ್ತಹೀನತೆ, ಸೋಂಕು, ಸ್ನಾಯುಗಳ ನಿಶ್ಶಕ್ತಿ ಹಾಗೂ ಧೂಮಪಾನದಿಂದ ಮೊದಲೇ ಉಂಟಾದ ಶ್ವಾಸಕೋಶದ ಹಾನಿ ಏದುಸಿರಿಗೆ ಮುಖ್ಯ ಕಾರಣಗಳು. ಆದರೆ ಏದುಸಿರು ಒಂದು ಅನುಭವ; ಅದರ ತೀವ್ರತೆಯನ್ನು ರಕ್ತದ ಆಮ್ಲಜನಕದ ಪ್ರಮಾಣವೊಂದರಿಂದಲೇ ಅಳೆಯಲಾಗದು. ಆಮ್ಲಜನಕ ಸಾಕಷ್ಟಿದ್ದರೂ ಕೆಲವರು ತೀವ್ರವಾಗಿ ಬಳಲುತ್ತಾರೆ.

ಆತಂಕದ ಚಕ್ರ

ಉಸಿರು ಸಾಲದೆಂಬ ಭಾವನೆ ಸಾವಿನ ಭಯವನ್ನು ಹುಟ್ಟಿಸುತ್ತದೆ. ಭಯದಿಂದ ಉಸಿರು ಚುರುಕಾಗಿ ಮೇಲುಮೇಲಕ್ಕೆ ಹೋಗುತ್ತದೆ, ಕತ್ತು ಮತ್ತು ಭುಜಗಳ ಸ್ನಾಯುಗಳು ಬಿಗಿಯುತ್ತವೆ, ಏದುಸಿರು ಇನ್ನಷ್ಟು ಹೆಚ್ಚುತ್ತದೆ. ಮುಂದೆ ಈ ಭಯದಿಂದಲೇ ರೋಗಿಯು ನಡೆದಾಡುವುದನ್ನು ಬಿಡುತ್ತಾನೆ. ಸ್ನಾಯುಗಳು ಸೊರಗಿ ಅಲ್ಪ ಶ್ರಮಕ್ಕೂ ಏದುಸಿರು ಬರತೊಡಗುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನ ಉಪಶಾಮಕ ಆರೈಕೆ ತಜ್ಞರು ಇದನ್ನು ಉಸಿರಾಟ, ಆಲೋಚನೆ ಮತ್ತು ಚಟುವಟಿಕೆ ಎಂಬ ಮೂರು ಚಕ್ರಗಳಾಗಿ ವಿವರಿಸಿದ್ದಾರೆ. ಯಾವುದೇ ಒಂದು ಚಕ್ರವನ್ನು ಸಡಿಲಿಸಿದರೂ ಉಳಿದೆರಡರ ಮೇಲೆ ಪರಿಣಾಮವಾಗುತ್ತದೆ.

ವಿಧಾನಗಳು

ಮೊದಲ ಹೆಜ್ಜೆ ರೋಗಿಯ ಮಾತನ್ನು ಕೇಳುವುದು. ಉಸಿರುಕಟ್ಟಿ ಸಾಯುವೆನೆಂಬ ಅಂಜಿಕೆಯನ್ನು ಹಲವರು ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ನಿದ್ದೆ ಮಾಡಲು ಹೆದರುವವರೂ ಇದ್ದಾರೆ. ಸಮಾಲೋಚಕರು ಈ ಭಯವನ್ನು ಅಲ್ಲಗಳೆಯದೆ ಚರ್ಚಿಸುತ್ತಾರೆ. ಬಳಿಕ ಕೆಳಗಿನವುಗಳನ್ನು ಕಲಿಸಲಾಗುತ್ತದೆ:

• ಭುಜಗಳನ್ನು ಸಡಿಲಬಿಟ್ಟು, ಹೊರಬಿಡುವ ಉಸಿರನ್ನು ನಿಧಾನವಾಗಿ ನೀಳವಾಗಿಸುವುದು.
• ಮುಂದಕ್ಕೆ ಬಾಗಿ, ತೋಳುಗಳನ್ನು ಮೇಜು ಅಥವಾ ದಿಂಬಿನ ಮೇಲೆ ಊರಿ ಕುಳಿತುಕೊಳ್ಳುವುದು.
• ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನಿನಿಂದ ಮುಖಕ್ಕೆ ತಂಗಾಳಿ ತಾಗಿಸಿಕೊಳ್ಳುವುದು.
• ಕೆಲಸಗಳನ್ನು ಬಿಡಿಬಿಡಿಯಾಗಿ ಹಂಚಿ, ನಡುನಡುವೆ ವಿಶ್ರಾಂತಿ ಪಡೆಯುವುದು.
• ಏದುಸಿರು ಹಠಾತ್ತನೆ ಉಲ್ಬಣಿಸಿದಾಗ ಅನುಸರಿಸಬೇಕಾದ ಕ್ರಮಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು.

ಮನೆಯವರಿಗೂ ಈ ತರಬೇತಿ ಅಗತ್ಯ. ಸುತ್ತ ಗುಂಪುಗೂಡಿ ಗಾಬರಿಪಡುವುದು ರೋಗಿಯ ಭಯವನ್ನು ಹೆಚ್ಚಿಸುತ್ತದೆ. ಒಬ್ಬರು ಪಕ್ಕದಲ್ಲಿ ಕುಳಿತು ಶಾಂತವಾಗಿ, ಕಡಿಮೆ ಮಾತಿನಲ್ಲಿ ಉಸಿರಾಟಕ್ಕೆ ಮಾರ್ಗದರ್ಶನ ನೀಡುವುದು ಹೆಚ್ಚು ಉಪಯುಕ್ತ.

ಅಧ್ಯಯನಗಳು

1990ರ ದಶಕದಲ್ಲಿ ಬ್ರಿಟನ್ನಿನ ಜೆಸ್ಸಿಕಾ ಕಾರ್ನರ್ ಮತ್ತು ಸಹೋದ್ಯೋಗಿಗಳು ಶುಶ್ರೂಷಕರೇ ನಡೆಸುವ ಏದುಸಿರು ಚಿಕಿತ್ಸಾಲಯವನ್ನು ರೂಪಿಸಿದರು. 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಬಹುಕೇಂದ್ರ ಪ್ರಯೋಗದಲ್ಲಿ 119 ರೋಗಿಗಳು ಪಾಲ್ಗೊಂಡಿದ್ದರು. ಎಂಟು ವಾರಗಳ ಬಳಿಕ, ಸಾಮಾನ್ಯ ಆರೈಕೆ ಪಡೆದವರಿಗಿಂತ ಈ ಬೆಂಬಲ ಪಡೆದವರಲ್ಲಿ ಏದುಸಿರು, ಖಿನ್ನತೆ ಮತ್ತು ಚಟುವಟಿಕೆಯ ಮಟ್ಟದಲ್ಲಿ ಸುಧಾರಣೆ ಕಂಡುಬಂದಿತು. ಆದರೆ ಕಾಯಿಲೆ ಮುಂದುವರಿದ ಕಾರಣ ಹಲವರು ಪ್ರಯೋಗವನ್ನು ಪೂರ್ಣಗೊಳಿಸಲಾಗಲಿಲ್ಲ. ಇಂತಹ ಅಧ್ಯಯನಗಳಿಗೆ ಇದೊಂದು ಸಹಜ ಮಿತಿ.

2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗವು, ಗುಣವಾಗದ ಕಾಯಿಲೆಗಳಿಂದ ಏದುಸಿರು ಬರುತ್ತಿದ್ದರೂ ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿರದವರನ್ನು ಪರಿಶೀಲಿಸಿತು. ಅವರಿಗೆ ಮೂಗಿನ ನಳಿಕೆಯ ಮೂಲಕ ನೀಡಿದ ಆಮ್ಲಜನಕವು, ಹಾಗೆಯೇ ನೀಡಿದ ಸಾಮಾನ್ಯ ಗಾಳಿಗಿಂತ ಹೆಚ್ಚಿನ ಉಪಶಮನ ನೀಡಲಿಲ್ಲ.

ವೈದ್ಯಕೀಯ ಚಿಕಿತ್ಸೆಯೊಡನೆ ಸಂಬಂಧ

ನೀರು ತೆಗೆಯುವುದು, ವಿಕಿರಣ ಚಿಕಿತ್ಸೆ, ಸೋಂಕಿನ ಚಿಕಿತ್ಸೆ ಮೊದಲಾದವುಗಳಿಂದ ಸರಿಪಡಿಸಬಹುದಾದ ಕಾರಣವಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ತೀವ್ರ ಏದುಸಿರಿಗೆ ವೈದ್ಯರು ಅಲ್ಪ ಪ್ರಮಾಣದ ಮಾರ್ಫಿನ್ ನೀಡುವುದುಂಟು. ಏದುಸಿರು ಒಮ್ಮೆಲೇ ಹೆಚ್ಚಾದರೆ, ಎದೆನೋವು, ಜ್ವರ, ಕೆಮ್ಮಿನಲ್ಲಿ ರಕ್ತ ಅಥವಾ ಮುಖ ಮತ್ತು ಕತ್ತಿನ ಊತ ಕಾಣಿಸಿದರೆ ಅದನ್ನು ಕೇವಲ ಆತಂಕವೆಂದು ಭಾವಿಸದೆ ಕೂಡಲೇ ವೈದ್ಯರನ್ನು ಕಾಣಬೇಕು.