ಕೆಂಪು ಮುಟ್ಬೇಡ ಕಣಪ್ಪ

ಮೊದಲ ವರ್ಷದ ಬಿಇ. ಸಿ ಪ್ರೋಗ್ರಾಂ ಬರೆಯಲಿ ಅಂತ ಲ್ಯಾಬ್‌ನಲ್ಲಿ ಕೂರಿಸಿದ್ದರು. ನನಗೋ ಮೌಸ್ ಹಿಡಿಯೋಕೇ ಸರಿಯಾಗಿ ಬರ್ತಿರಲಿಲ್ಲ. ಅಲ್ಲಿವರೆಗೆ ಕಂಪ್ಯೂಟರನ್ನು ನೋಡಿದ್ದು ತಾಲ್ಲೂಕಿನ ಬ್ಯಾಂಕಿನಲ್ಲಿ, ಅದೂ ಕೌಂಟರಿನ ಈಚೆಯಿಂದ. ಪಕ್ಕದಲ್ಲಿ ಸಿಟಿ ಹುಡುಗರು ಪಾಯಿಂಟರ್ ಅದೂ ಇದೂ ಅಂತ ಮಾತಾಡ್ತಿದ್ದಾಗ ನಾನು ಮೆನುವಿನಲ್ಲಿ ತಡಕಾಡಿ ಒಂದು ಆಟ ತೆರೆದೆ. ಲಿನಕ್ಸ್ ಸಿಸ್ಟಮ್ಮು, ಆಟದ ಹೆಸರು ಸೇಮ್ ಗ್ನೋಮ್.

ಪರದೆ ತುಂಬ ಮೂರು ಬಣ್ಣದ ಚೆಂಡುಗಳು, ಅಡ್ಡಕ್ಕೆ 15, ಉದ್ದಕ್ಕೆ 10. ಒಂದೇ ಬಣ್ಣದ ಎರಡೋ ಅದಕ್ಕಿಂತ ಹೆಚ್ಚೋ ಚೆಂಡು ಅಂಟಿಕೊಂಡಿದ್ದರೆ ಕ್ಲಿಕ್ ಮಾಡಿ ಮಾಯ ಮಾಡಬಹುದು. ಮೇಲಿನವು ಕೆಳಗೆ ಬೀಳುತ್ತವೆ. ಒಂದು ಕಂಬಸಾಲು ಪೂರ್ತಿ ಖಾಲಿಯಾದರೆ ಆಚೀಚಿನವು ಸರಿದು ಕೂಡಿಕೊಳ್ಳುತ್ತವೆ. ಒಂಟಿ ಚೆಂಡನ್ನು ಮುಟ್ಟೋ ಹಾಗಿಲ್ಲ. ಅಷ್ಟೇ ಆಟ. ಈಗಿನವರು ಇದನ್ನೇ ಬ್ರೌಸರಿನಲ್ಲಿ ಬೇರೆ ಬೇರೆ ಹೆಸರಲ್ಲಿ ಆಡಿರುತ್ತೀರಿ.

ಕಂಡ ಕಂಡದ್ದನ್ನೆಲ್ಲ ಒಡೆದು ನಾನು ಐನೂರು ದಾಟಿದರೆ ದೊಡ್ಡದು. ಸ್ಕೋರುಪಟ್ಟಿಯ ತುದಿಯಲ್ಲಿ ಮಾತ್ರ ಮೂರು ಸಾವಿರ ದಾಟಿದ ಒಂದು ಅಂಕಿ ಕೂತಿತ್ತು. ಅದು ಯಾವ ವಿದ್ಯಾರ್ಥಿಯದೂ ಅಲ್ಲ, ಲ್ಯಾಬ್ ಅಟೆಂಡರ್ ಅಣ್ಣನದು. ಸಂಜೆ ಬೀಗ ಹಾಕೋ ಮುಂಚೆ ಒಬ್ಬರೇ ಕೂತು ಆಡ್ತಿದ್ದರು. ಒಂದು ದಿನ ನನ್ನ ಹಿಂದೆ ನಿಂತು ನೋಡಿ, "ಯಾವ್ದು ಜಾಸ್ತಿ ಐತೆ ಎಣಿಸು. ಕೆಂಪಾ? ಹಂಗಾದ್ರೆ ಕೆಂಪು ಮುಟ್ಬೇಡ ಕಣಪ್ಪ" ಅಂದ್ರು.

ಯಾಕೆ ಅನ್ನೋದು ಲೆಕ್ಕದಲ್ಲಿದೆ. ಗುಂಪಿನ ಚೆಂಡುಗಳ ಸಂಖ್ಯೆಯಿಂದ ಎರಡು ಕಳೆದು, ಉಳಿದದ್ದನ್ನು ಅದರಿಂದಲೇ ಗುಣಿಸಬೇಕು. ಎರಡೇ ಚೆಂಡು ಒಡೆದರೆ ಸೊನ್ನೆ. ಐದರ ಎರಡು ಗುಂಪು ಬೇರೆ ಬೇರೆ ಒಡೆದರೆ 9 ಮತ್ತು 9, ಒಟ್ಟು 18. ಅವನ್ನೇ ಕೂಡಿಸಿ ಹತ್ತನ್ನೂ ಒಟ್ಟಿಗೆ ಒಡೆದರೆ 64. ನಲವತ್ತು ಒಟ್ಟಿಗೆ ಹೋದರೆ 1,444! ಇಡೀ ಹಲಗೆ ಖಾಲಿ ಮಾಡಿದವರಿಗೆ 1,000 ಬೋನಸ್ ಉಂಟು, ಆದರೆ 34 ಚೆಂಡಿನ ಒಂದೇ ಗುಂಪು 1,024 ತರುತ್ತದೆ. ಹಾಗಾಗಿ ಅಣ್ಣ ಅಂಕ ಬಾರದ ಜೋಡಿಗಳನ್ನೂ ಸಂತೋಷವಾಗಿ ಒಡೀತಿದ್ದರು. ಅದರಿಂದ ಏನು ಬಂತು ಅನ್ನೋದಲ್ಲ, ಯಾವ ಕೆಂಪು ಯಾವ ಕೆಂಪಿಗೆ ಅಂಟಿತು ಅನ್ನೋದು ಅವರ ಲೆಕ್ಕ. ಮತ್ತೆ, ಆದಷ್ಟೂ ಮೇಲಿನಿಂದ ಒಡೆಯೋದು: ಕೆಳಗೆ ಕಟ್ಟಿಟ್ಟದ್ದು ಕದಲೋದಿಲ್ಲ.

ಈ ಆಟ ಮೈಕ್ರೋಸಾಫ್ಟಿನದ್ದೋ ಗ್ನೋಮ್‌ನವರದ್ದೋ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. 1985ರಲ್ಲಿ ಕುನಿಯಾಕಿ ಮೊರಿಬೆ ಅನ್ನೋ ಜಪಾನಿಯೊಬ್ಬರು 'ಚೈನ್ ಶಾಟ್' ಅಂತ ಬರೆದದ್ದು. ಫುಜಿತ್ಸು ಕಂಪನಿಯ ಎಫ್‌ಎಂ-8, ಎಫ್‌ಎಂ-7 ಕಂಪ್ಯೂಟರುಗಳಿಗೆ, 'ಆಸ್ಕಿ' ಅನ್ನೋ ಮಾಸಪತ್ರಿಕೆಯ ಮೂಲಕ ಓದುಗರ ಕೈಗೆ ಹೋಯಿತು. 1992ರಲ್ಲಿ ಐಜಿ ಫುಕುಮೊಟೊ ಯುನಿಕ್ಸ್‌ಗೆ ತಂದಾಗ 'ಸೇಮ್ ಗೇಮ್' ಆಯಿತು. ಮರುವರ್ಷ ವಿಂಡೋಸ್. ಆಮೇಲೆ ಪಾಕೆಟ್ ಪಿಸಿಯಲ್ಲಿ 'ಜಾಬ್ರೇಕರ್' ಅಂತ ಬಂತು, ಅಲ್ಲಿ ಅಂಕದ ಸೂತ್ರವೂ ಬದಲು: ಹತ್ತಕ್ಕೆ 90, ಐದರ ಎರಡು ಗುಂಪಿಗೆ ಒಟ್ಟು 40. ಅವಸರದವರಿಗೆ ಸ್ವಲ್ಪ ರಿಯಾಯಿತಿ, ಅಷ್ಟೇ. ಕೈಯಿಂದ ಕೈಗೆ ಹೋಗ್ತಾ ಹೋಗ್ತಾ ಮೊರಿಬೆ ಹೆಸರು ಎಲ್ಲೋ ಉದುರಿಹೋಯಿತು.

ಮಕ್ಕಳಾಟ ಅನ್ನಬೇಡಿ. ಈ ಆಟದ್ದೇ ಇನ್ನೊಂದು ರೂಪ 'ಕ್ಲಿಕ್ಕೊಮೇನಿಯಾ'. ಎರಿಕ್ ಡಿಮೇನ್, ತೆರೇಸ್ ಬೀಡ್ಲ್ ಮೊದಲಾದ ಗಣಿತಜ್ಞರು ಅದರ ಮೇಲೇ ಒಂದು ಪ್ರಬಂಧ ಬರೆದಿದ್ದಾರೆ. ಕೊಟ್ಟ ಹಲಗೆಯನ್ನು ಪೂರ್ತಿ ಖಾಲಿ ಮಾಡೋಕೆ ಆಗುತ್ತಾ ಅನ್ನೋ ಪ್ರಶ್ನೆ, ಮೂರು ಬಣ್ಣ, ಐದೇ ಕಂಬಸಾಲು ಇದ್ದರೂ, ಎನ್‌ಪಿ-ಕಂಪ್ಲೀಟ್. ಅಂದರೆ ಹಲಗೆ ಎತ್ತರವಾಗ್ತಾ ಹೋದ ಹಾಗೆ ಬೇಗ ಉತ್ತರ ಕೊಡೋ ಖಚಿತ ದಾರಿ ಯಾರಿಗೂ ಗೊತ್ತಿಲ್ಲ. ನಮ್ಮ ಲ್ಯಾಬಿನ ಹಲಗೆಗೆ ಸಾಲು ಹದಿನೈದಿತ್ತು!

ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ, ಆಫೀಸಿನಲ್ಲಿ ಬೇರೆ ಏನನ್ನೋ ಹುಡುಕುವಾಗ, 2008ರ ಒಂದು ಪ್ರಬಂಧ ಸಿಕ್ಕಿತು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಟೆನ್ ಸ್ಕಾಡ್ ಮತ್ತು ಸಂಗಡಿಗರದ್ದು. ಒಬ್ಬರೇ ಆಡುವ ಆಟಗಳನ್ನು ಕಂಪ್ಯೂಟರಿಗೆ ಆಡಿಸೋ ಬಗೆ. ಪರೀಕ್ಷೆಗೆ ಆರಿಸಿಕೊಂಡದ್ದು ಇದೇ ಸೇಮ್ ಗೇಮ್, 15ಕ್ಕೆ 15, ಐದು ಬಣ್ಣ. ಮುಂದಿನ ನಡೆ ಎಂಥದ್ದು ಅಂತ ಅಳೆಯೋಕೆ ಕಂಪ್ಯೂಟರ್ ಅಲ್ಲಿಂದ ಕೊನೇವರೆಗೆ ಆಟವನ್ನು ಅಡ್ಡಾದಿಡ್ಡಿ ಆಡಿ ನೋಡುತ್ತೆ. ಹಾಗೆ ಸುಮ್ಮನೆ ಆಡಿಸೋ ಬದಲು ಒಂದು ಕಟ್ಟುಪಾಡು ಹಾಕಿದರೆ ಫಲ ಚೆನ್ನಾಗಿ ಬಂತಂತೆ: ಯಾವ ಬಣ್ಣ ಎಲ್ಲಕ್ಕಿಂತ ಹೆಚ್ಚಿದೆ ನೋಡು, ಬೇರೆ ನಡೆ ಇರೋವರೆಗೂ ಆ ಬಣ್ಣ ಮುಟ್ಟಬೇಡ.

ಆ ಸಾಲನ್ನು ಎರಡು ಸಲ ಓದಿದೆ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ್ದ ಮನುಷ್ಯ ಕೀಬೋರ್ಡಿನ ಧೂಳು ಒರೆಸ್ತಾ ಒರೆಸ್ತಾ ಇದನ್ನು ಕಂಡುಕೊಂಡಿದ್ದರು. ನಾವು ಅವರ ಹೆಸರು ಕರೆದದ್ದೂ ಕಡಿಮೆ, ಬರೀ 'ಅಣ್ಣ'.

ಕಾಲೇಜಿನಲ್ಲೇ ಉಳಿದಿದ್ದ ಗೆಳೆಯನ ಹತ್ತಿರ ನಂಬರ್ ತಗೊಂಡು ಫೋನ್ ಮಾಡಿದೆ. ಗುರುತು ಸಿಕ್ಕೋಕೆ ಹೊತ್ತಾಯಿತು. ಪ್ರಬಂಧದ ವಿಷಯ ಪೂರ್ತಿ ಹೇಳಿದೆ. "ಮತ್ತೆ, ನಾನ್ ಹೇಳ್ಲಿಲ್ವಾ?" ಅಂದ್ರು. ಅವರ ಸ್ಕೋರು ಇನ್ನೂ ಇದೆಯಾ ಅಂತ ಕೇಳಿದೆ. ಆ ಸಿಸ್ಟಮ್ಮುಗಳನ್ನೆಲ್ಲ ಹರಾಜು ಹಾಕಿ ಆಗಲೇ ವರ್ಷಗಳಾಗಿದ್ದವು. ಹೊಸವುಗಳಲ್ಲಿ ಆಟ ಹಾಕೋ ಹಾಗಿಲ್ಲವಂತೆ.