ಒಣ ರಸ್ತೆಯ ತಿರುವಿನಲ್ಲಿ ಫೋರ್ ವೀಲ್ ಡ್ರೈವ್

ಎಂಜಿನ್ನಿನ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಒಟ್ಟಿಗೆ ಹರಿಸುವ ವ್ಯವಸ್ಥೆಯೇ ಫೋರ್ ವೀಲ್ ಡ್ರೈವ್. ಕೆಸರು, ಮರಳು, ಹಿಮ, ಕಡಿದಾದ ಏರು ಇದಕ್ಕೆ ತವರುಮನೆ ಇದ್ದಂತೆ. ತೊಂದರೆ ಶುರುವಾಗುವುದು ಒಣಗಿದ ಟಾರು ರಸ್ತೆಯ ಬಿಗಿ ತಿರುವಿನಲ್ಲಿ. ಸ್ಟೇರಿಂಗ್ ಭಾರವಾಗುತ್ತದೆ, ಬ್ರೇಕ್ ಒತ್ತಿದ ಹಾಗೆ ಗಾಡಿ ಹಿಡಿದುಕೊಳ್ಳುತ್ತದೆ, ಟೈರುಗಳು ಕಿರುಗುಟ್ಟಿ ಕುಪ್ಪಳಿಸುತ್ತವೆ. ಈ ವಾಹನಗಳ ಶತಮಾನ ಮೀರಿದ ಇತಿಹಾಸದಲ್ಲಿ ಎಂಜಿನಿಯರುಗಳ ತಲೆ ತಿಂದ ಪ್ರಶ್ನೆಗಳಲ್ಲಿ ಈ ತಿರುವಿಗೆ ದೊಡ್ಡ ಪಾಲಿದೆ.

ಕಾರಣ ಹೈಸ್ಕೂಲಿನ ರೇಖಾಗಣಿತದಲ್ಲೇ ಸಿಗುತ್ತದೆ. ತಿರುಗುವ ವಾಹನದ ನಾಲ್ಕು ಚಕ್ರಗಳು ನಾಲ್ಕು ಬೇರೆ ಬೇರೆ ವೃತ್ತಗಳಲ್ಲಿ ಉರುಳುತ್ತವೆ. ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಹೋಗಬೇಕು. ಈ ಎಡ-ಬಲದ ತಕರಾರನ್ನು, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಡಿಫರೆನ್ಷಿಯಲ್ ಎಂಬ ಗಿಯರ್ ಜೋಡಣೆ ತೀರಿಸುತ್ತದೆ. ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಯಲ್ಲೇ ಉಗಿಗಾಡಿಗೆಂದು ಅದರ ಪೇಟೆಂಟ್ ಪಡೆದಿದ್ದರು. ಆದರೆ ಮುಂದು-ಹಿಂದಿನ ನಡುವೆಯೂ ತಕರಾರಿದೆ. ನೀರು ತುಳಿದು ತಿರುಗಿದ ಜೀಪಿನ ಟೈರಿನ ಗುರುತು ನೋಡಿ: ಹಿಂದಿನ ಚಕ್ರದ ಗೆರೆ ಮುಂದಿನದರ ಒಳಗೇ ಹಾಯ್ದಿರುತ್ತದೆ.

ವ್ಯತ್ಯಾಸ ಎಷ್ಟು? ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ಅಂತರ ಸುಮಾರು 2.03 ಮೀಟರ್. ಹಿಂದಿನ ಆಕ್ಸಲಿನ ನಡುಬಿಂದು 5 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಮುಂದಿನದು ಸುಮಾರು 5.4 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಒಂದು ಲಂಬಕೋನದ ತಿರುವು ಮುಗಿಯುವಷ್ಟರಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಅರವತ್ತು ಸೆಂಟಿಮೀಟರಿಗೂ ಹೆಚ್ಚು ದೂರ ಉರುಳಬೇಕು. ಎರಡೂ ಆಕ್ಸಲುಗಳನ್ನು ಒಂದೇ ವೇಗಕ್ಕೆ ಬಿಗಿದಿದ್ದರೆ ಈ ಹೆಚ್ಚುವರಿ ದೂರವನ್ನು ಯಾವುದೋ ಟೈರು ಜಾರಿಯೇ ತುಂಬಬೇಕು. ಕೆಸರಿನಲ್ಲಿ ಅದು ಸದ್ದಿಲ್ಲದೆ ಜಾರುತ್ತದೆ. ಒಣ ಟಾರು ಬಿಡುವುದಿಲ್ಲ. ಆಗ ಗಾಡಿಯ ಹೊಟ್ಟೆಯಡಿಯ ಶಾಫ್ಟುಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತವೆ, ಶಕ್ತಿಯನ್ನು ಎರಡೂ ಆಕ್ಸಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಗಿಯರುಗಳು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ, ಫೋರ್ ವೀಲ್ ಹಾಕಿ ತೆಗೆಯುವ ಲಿವರ್ ಎಳೆದರೂ ಬರುವುದಿಲ್ಲ.

ಪೆಟ್ರೋಲ್ ಎಂಜಿನ್ನಿನ ಮೊದಲ ಫೋರ್ ವೀಲ್ ಡ್ರೈವ್ ಕಾರೆಂದು ಹೆಸರಾದದ್ದು ಹಾಲೆಂಡಿನ ಸ್ಪೈಕರ್ ಸಹೋದರರು 1903ರಲ್ಲಿ ಕಟ್ಟಿದ 60 ಎಚ್‌ಪಿ. ಅದು ಬೆಳೆಯಲಿಲ್ಲ. ಈ ವಿದ್ಯೆಯನ್ನು ಲೋಕಕ್ಕೆಲ್ಲ ಹರಡಿದ್ದು ಜೀಪು, ಮತ್ತು ಜೀಪಿನ ಪರಿಹಾರ ತೀರಾ ನೇರವಾದದ್ದು: ಮುಂದಿನ ಆಕ್ಸಲಿಗೆ ಶಕ್ತಿ ಬೇಡವಾದಾಗ ಲಿವರ್ ಎಳೆದು ಕಡಿದುಹಾಕು. ಯುದ್ಧಭೂಮಿಯ ಗಾಡಿಗೆ ಅಷ್ಟು ಸಾಕಿತ್ತು.

1948ರ ಲ್ಯಾಂಡ್ ರೋವರ್ ಇನ್ನೊಂದು ಜಾಣತನ ತೋರಿತು. ಮುಂದಿನ ಚಕ್ರಗಳಿಗೆ ಹೋಗುವ ದಾರಿಯಲ್ಲಿ ಸೈಕಲ್ಲಿನ ಫ್ರೀವೀಲಿನಂಥ ಸಾಧನವನ್ನು ಇಟ್ಟಿತು. ತಿರುವಿನಲ್ಲಿ ಮುಂದಿನ ಚಕ್ರಗಳು ತಮ್ಮಷ್ಟಕ್ಕೆ ವೇಗವಾಗಿ ಓಡಬಹುದು. ಹಿಂದಿನವು ಜಾರಿದ ಕೂಡಲೇ ಶಕ್ತಿ ಮುಂದಕ್ಕೆ ಸೇರುತ್ತದೆ. ಬೇಕೆಂದಾಗ ಬಿಗಿಯಲು ಚಾಲಕನ ಕಾಲ ಬಳಿ ಒಂದು ಉಂಗುರವಿತ್ತು. ಎರಡೇ ವರ್ಷಗಳಲ್ಲಿ ಕಂಪನಿ ಇದನ್ನು ಕೈಬಿಟ್ಟು ಜೀಪಿನ ದಾರಿಗೇ ಬಂತು. ಉಪಾಯ ಅದಕ್ಕಿಂತ ಹೆಚ್ಚು ಬಾಳಬೇಕಿತ್ತು.

ಮೂರನೆಯ ಡಿಫರೆನ್ಷಿಯಲ್ಲನ್ನು ಎರಡು ಆಕ್ಸಲುಗಳ ನಡುವೆ ಕೂರಿಸಿದರೆ ತಕರಾರಿನ ಬೇರೇ ಕಿತ್ತುಹೋಗುತ್ತದೆ. ಟ್ರ್ಯಾಕ್ಟರಿಗೆ ಹೆಸರಾದ ಹ್ಯಾರಿ ಫರ್ಗ್ಯುಸನ್ ಅವರ ಸಂಶೋಧನಾ ಸಂಸ್ಥೆ ಇದನ್ನು ರೇಸಿಗೂ ತಂದಿತು: 1961ರಲ್ಲಿ ಇಂಗ್ಲೆಂಡಿನ ಔಲ್ಟನ್ ಪಾರ್ಕಿನಲ್ಲಿ ಸ್ಟರ್ಲಿಂಗ್ ಮಾಸ್ ಅದರ ಪಿ99 ಕಾರಿನಲ್ಲಿ ಗೆದ್ದರು. 1966ರ ಜೆನ್ಸನ್ ಎಫ್ಎಫ್ ಅದೇ ವಿದ್ಯೆಯನ್ನು ಶ್ರೀಮಂತರ ರಸ್ತೆ ಕಾರಿಗೆ ಇಳಿಸಿತು. ತಯಾರಾದದ್ದು ಕೇವಲ 320. 1970ರ ರೇಂಜ್ ರೋವರ್ ಇದನ್ನು ಕಾಡುಮೇಡಿನ ಗಾಡಿಗೆ ಒಗ್ಗಿಸಿತು. ಇಲ್ಲೊಂದು ತಮಾಷೆಯೂ ಇದೆ. ಟಾರಿನ ಮೇಲೆ ಉಪಕಾರಿಯಾದ ಈ ಸಾಧನ ಕೆಸರಿನಲ್ಲಿ ಕೈಕೊಡುತ್ತದೆ, ಏಕೆಂದರೆ ಒಂದು ಚಕ್ರ ಜಾರಿದರೆ ಶಕ್ತಿಯೆಲ್ಲ ಅತ್ತಲೇ ಸೋರಿಹೋಗುತ್ತದೆ. ಹಾಗಾಗಿ ಅದಕ್ಕೊಂದು ಲಾಕ್ ಇಡಬೇಕಾಯಿತು. ಲಾಕ್ ಹಾಕಿದ ರೇಂಜ್ ರೋವರ್ ಒಣ ರಸ್ತೆಯಲ್ಲಿ ಮತ್ತೆ ಹಳೆಯ ಜೀಪೇ.

ಎಲ್ಲಕ್ಕಿಂತ ಸ್ವಾರಸ್ಯದ ಕಥೆ ಆಡಿಯದು. 1976–77ರ ಚಳಿಗಾಲದಲ್ಲಿ ಫಿನ್ಲೆಂಡಿನ ಹಿಮದ ಮೇಲೆ ಫೋಕ್ಸ್‌ವ್ಯಾಗನ್ನಿನ ಇಲ್ಟಿಸ್ ಎಂಬ ಸೇನಾ ಗಾಡಿ ತನಗಿಂತ ಬಲವಾದ ಕಾರುಗಳನ್ನು ಹಿಂದಿಕ್ಕಿದ್ದನ್ನು ಕಂಡು, ಎಂಜಿನಿಯರ್ ಯೋರ್ಗ್ ಬೆನ್ಸಿಂಗರ್ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಆಡಿ ಕಾರಿನ ಕನಸು ಕಟ್ಟಿದರು. ಮೊದಲ ಮಾದರಿಯಲ್ಲಿ ನಡುವಿನ ಡಿಫರೆನ್ಷಿಯಲ್ ಇರಲಿಲ್ಲ. 1978ರ ಜನವರಿಯಲ್ಲಿ ಆಸ್ಟ್ರಿಯಾದ ಟುರಾಖರ್ ಹ್ಯೋಹೆ ಎಂಬ ಕಡಿದಾದ ಹಿಮದ ಘಟ್ಟವನ್ನು ಅದು ಬೇಸಿಗೆಯ ಟೈರುಗಳಲ್ಲೇ ಹತ್ತಿತು. ಫೋಕ್ಸ್‌ವ್ಯಾಗನ್ನಿನ ಸಂಶೋಧನಾ ವಿಭಾಗದ ಮುಖ್ಯಸ್ಥ ಎರ್ನ್ಸ್ಟ್ ಫಿಯಾಲಾ ಅವರ ಪತ್ನಿ ಆ ಕಾರನ್ನು ವಿಯೆನ್ನಾ ಪೇಟೆಗೆ ಒಯ್ದರಂತೆ. ತಿರುಗಿಸುವಾಗ ಕಾರು ಜಿಗಿಯುತ್ತದೆ ಎಂದು ದೂರಿದರಂತೆ. ಆ ದೂರೇ ಕೆಲಸ ಮಾಡಿತು: ನಡುವೆ ಡಿಫರೆನ್ಷಿಯಲ್ ಕೂರಿಸುವುದೆಂದಾಯಿತು. ಜಾಗದ ಕೊರತೆಯಿಂದ ಎಂಜಿನಿಯರುಗಳು ಗಿಯರ್‌ಬಾಕ್ಸಿನೊಳಗಿನ 263 ಮಿಲಿಮೀಟರ್ ಉದ್ದದ ಶಾಫ್ಟನ್ನು ಟೊಳ್ಳಾಗಿಸಿದರು. ಶಕ್ತಿ ಅದರ ಮೂಲಕ ನಡುವಿನ ಡಿಫರೆನ್ಷಿಯಲ್ಲಿಗೆ ಹೋಗಿ, ಒಂದು ಪಾಲು ಅದೇ ಟೊಳ್ಳಿನೊಳಗಿನ ಇನ್ನೊಂದು ಶಾಫ್ಟಿನ ಮೂಲಕ ಮುಂದಿನ ಚಕ್ರಗಳಿಗೆ ಮರಳಿತು. ಆ ಕಾರೇ 1980ರ ಮಾರ್ಚಿನಲ್ಲಿ ಜಿನೀವಾದಲ್ಲಿ ಬಿಡುಗಡೆಯಾದ ಕ್ವಾಟ್ರೊ.

ಆಮೇಲಿನದು ಬಹುಪಾಲು ಕ್ಲಚ್ಚುಗಳ ಕಾಲ. ತಿರುವಿನಲ್ಲಿ ತಾನಾಗಿ ಸಡಿಲಗೊಂಡು, ಚಕ್ರ ಜಾರಿದಾಗ ಬಿಗಿಯುವ ಎಲೆಕ್ಟ್ರಾನಿಕ್ ಕ್ಲಚ್ಚುಗಳು ಈಗಿನ ಅನೇಕ ಕಾರುಗಳಲ್ಲಿವೆ. ಅವುಗಳಲ್ಲೂ ಎರಡು ಹೊಸ, ಎರಡು ಸವೆದ ಟೈರು ಹಾಕಿದರೆ ಸುತ್ತಳತೆ ಬೇರೆಯಾಗಿ ನೇರ ರಸ್ತೆಯಲ್ಲೂ ಎಳೆದಾಟ ಶುರುವಾಗುತ್ತದೆ.

ಭಾರತಕ್ಕೆ ಬಂದದ್ದು ಜೀಪಿನ ಸರಳ ವಂಶವೇ. 1940ರ ದಶಕದ ಕೊನೆಗೆ ಮಹೀಂದ್ರ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಏರುದಾರಿಗೆ ಇವು ಹೊಂದಿಕೊಂಡವು. ಅಲ್ಲಿ ‘ಫೋರ್‌ವೀಲ್ ಹಾಕುವುದು’ ಎಷ್ಟು ಮುಖ್ಯವೋ, ಟಾರು ಸಿಕ್ಕೊಡನೆ ಅದನ್ನು ತೆಗೆಯುವುದೂ ಅಷ್ಟೇ ಮುಖ್ಯ. ತೆಗೆಯಲು ಮರೆತು ಲಿವರ್ ಸಿಕ್ಕಿಕೊಂಡರೆ ಸ್ಟೇರಿಂಗ್ ನೇರ ಮಾಡಿ ಕೆಲವು ಮೀಟರ್ ರಿವರ್ಸ್ ಹೋಗಬೇಕು. ತಿರುಚು ಬಿಚ್ಚಿಕೊಂಡು ಲಿವರ್ ಹಗುರಾಗುತ್ತದೆ. 2020ರ ಥಾರ್, 2023ರ ಜಿಮ್ನಿ ಎರಡಕ್ಕೂ ನಡುವಿನ ಡಿಫರೆನ್ಷಿಯಲ್ ಇಲ್ಲ. ಒಣ ರಸ್ತೆಗೆಂದೇ ಅವುಗಳ ಲಿವರಿನ ಮೇಲೆ, ಹಿಂದಿನ ಎರಡೇ ಚಕ್ರಗಳಿಗೆ ಶಕ್ತಿ ಕೊಡುವ 2ಎಚ್ ಎಂಬ ಸ್ಥಾನವಿದೆ.