ಸ್ತನಕೀಲಕ ಚಿಕಿತ್ಸೆಯಲ್ಲಿ 'ಮರ್ದನ' ಶಬ್ದದ ಅರ್ಥ

ಹೆರಿಗೆಯಾದ ಮೇಲೆ ತಾಯಿಯ ಎದೆಯಲ್ಲಿ ಹಾಲು ಕಟ್ಟಿಕೊಂಡು ಗಂಟಾಗುವುದು, ಮುಟ್ಟಲಾರದಷ್ಟು ನೋವಾಗುವುದು ಎಲ್ಲ ಕಾಲಗಳಲ್ಲಿಯೂ ಕಂಡುಬಂದಿರುವ ಬಾಧೆ. ಆ ಗಂಟನ್ನು ಕರಗಿಸಬೇಕೆಂದು ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದುಂಟು. ಇದಕ್ಕೆ ಪ್ರಾಚೀನ ವೈದ್ಯಗ್ರಂಥಗಳಲ್ಲಿರುವ 'ಮರ್ದನ' ಎಂಬ ಶಬ್ದವನ್ನು ಆಧಾರವಾಗಿ ಹೇಳಬಹುದೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಇಲ್ಲಿ ಶಬ್ದಾರ್ಥ ನಿರ್ಣಯವು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ಬಾಣಂತಿಯ ದೇಹದ ಹಿತಾಹಿತಗಳು ಅದರಲ್ಲಿ ಅಡಗಿವೆ.

ಈ ವಿಷಯದಲ್ಲಿ ಮುಖ್ಯವಾದ ಆಕರ ಕಾಶ್ಯಪಸಂಹಿತೆ. ಕೌಮಾರಭೃತ್ಯಕ್ಕೆ, ಅಂದರೆ ಶಿಶುವೈದ್ಯಕ್ಕೆ, ಮೀಸಲಾದ ಈ ಗ್ರಂಥವು ನೇಪಾಳದಲ್ಲಿ ದೊರೆತ ತ್ರುಟಿತವಾದ ತಾಳೆಯೋಲೆಯ ಪ್ರತಿಯಿಂದ ಬೆಳಕಿಗೆ ಬಂದಿತು. ಹೇಮರಾಜ ಶರ್ಮರ ವಿಸ್ತಾರವಾದ ಉಪೋದ್ಘಾತದೊಡನೆ 1938ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಿಂದ ಪ್ರಕಟವಾಯಿತು. ಗ್ರಂಥದ ಆರಂಭಭಾಗವೇ ಲುಪ್ತವಾಗಿದ್ದರೂ ಸೂತ್ರಸ್ಥಾನದ ಕ್ಷೀರೋತ್ಪತ್ತಿ ಅಧ್ಯಾಯ ಉಳಿದುಬಂದಿರುವುದು ನಮ್ಮ ಭಾಗ್ಯ. ಆಹಾರದೊಡನೆ ಹೊಟ್ಟೆಗೆ ಸೇರಿದ ಹುಲ್ಲು, ಹೊಟ್ಟು, ಕೂದಲು ಮೊದಲಾದುವು ಜೀರ್ಣವಾಗದೆ ಹಾಲಿನ ಸ್ರೋತಸ್ಸುಗಳನ್ನು ಸೇರಿ, ಗೂಟ ನಟ್ಟಂತೆ ಬಾಧಿಸುವುದರಿಂದ ಈ ರೋಗಕ್ಕೆ 'ಸ್ತನಕೀಲಕ'ವೆಂದು ಹೆಸರಾಯಿತೆಂಬುದು ಅಲ್ಲಿನ ಅಭಿಪ್ರಾಯ. ಈ ಕಾರಣವನ್ನು ಇಂದು ಒಪ್ಪಲಾಗದು. ಆದರೆ ಚಿಕಿತ್ಸೆಯ ಕ್ರಮ ಗಮನಾರ್ಹವಾಗಿದೆ.

ಮೊದಲು ತುಪ್ಪವನ್ನು ಕುಡಿಸಬೇಕು. ಆ ಸ್ನೇಹದಿಂದ ಸ್ರೋತಸ್ಸುಗಳು ಮೃದುವಾಗಬೇಕು. ಅನಂತರ 'ನಿರ್ದೋಹ', ಅಂದರೆ ಹಾಲನ್ನು ಕರೆದು ತೆಗೆಯುವುದು. ಅದರ ಬಳಿಕ ಮರ್ದನ. ಆ ಶಬ್ದದ ಮಗ್ಗುಲಲ್ಲಿಯೇ 'ಯುಕ್ತ್ಯಾ' ಎಂಬ ಪದವಿದೆ. ಮುಂದೆ ತಂಪಾದ ಸೇಕ, ಲೇಪ, ವಿರೇಚನ, ಪಥ್ಯಭೋಜನಗಳು ಬರುತ್ತವೆ. ಇಂದಿನ ಕನ್ನಡದಲ್ಲಿ ಯುಕ್ತಿಯೆಂದರೆ ಉಪಾಯ ಅಥವಾ ಜಾಣತನ. ಆಯುರ್ವೇದದಲ್ಲಾದರೋ ಅದು ಪಾರಿಭಾಷಿಕ ಶಬ್ದ; ಪ್ರಮಾಣವನ್ನೂ ಕಾಲವನ್ನೂ ಅರಿತು ಮಾಡುವ ಯೋಜನೆಯೇ ಯುಕ್ತಿಯೆಂದು ಚರಕಸಂಹಿತೆಯಿಂದ ತಿಳಿದುಬರುತ್ತದೆ. ಆದುದರಿಂದ ಇಲ್ಲಿ ವಿಹಿತವಾದುದು ಅಳತೆಯರಿತ ಮರ್ದನವೇ ಹೊರತು ಬಲಪ್ರಯೋಗವಲ್ಲ.

ಸುಶ್ರುತಸಂಹಿತೆಯೂ ಈ ಅರ್ಥಕ್ಕೆ ಪೋಷಕವಾಗಿದೆ. ಅದರ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯದಲ್ಲಿ ಸ್ತನದ ಬಾವಿಗೆ ಚಿಕಿತ್ಸೆ ಹೇಳುವಾಗ, ಬಾವು ಹಸಿಯಿರಲಿ, ಉರಿಯುತ್ತಿರಲಿ, ಕೀವಾಗಿರಲಿ, ಹಾಲನ್ನು ಸತತವಾಗಿ ಕರೆದು ತೆಗೆಯಬೇಕೆಂದಿದೆ. ಬಾವು ಮಾಗುತ್ತಿರುವಾಗ ಉಪನಾಹ, ಅಂದರೆ ಕಟ್ಟುವ ಪಟ್ಟು, ಕೂಡದು. ಸ್ತನವು ಮೃದುಮಾಂಸವಾದುದರಿಂದ ಬೇಗನೆ ಕೊಳೆತು ಒಡೆಯುವುದೆಂದು ಕಾರಣವನ್ನೂ ಕೊಟ್ಟಿದೆ. ಶಸ್ತ್ರ ಪ್ರಯೋಗಿಸಬೇಕಾದರೆ ಹಾಲನ್ನು ಒಯ್ಯುವ ನಾಡಿಗಳನ್ನೂ ಚೂಚುಕವನ್ನೂ ಬಿಟ್ಟು ಪ್ರಯೋಗಿಸಬೇಕು. ಪಟ್ಟು ಕಟ್ಟುವುದಕ್ಕೂ ಅಂಜಿದ ಶಾಸ್ತ್ರವು ಬಲವಾಗಿ ತಿಕ್ಕುವುದನ್ನು ಒಪ್ಪುವುದೆಂದು ಊಹಿಸುವುದು ಕಷ್ಟ.

ಆಧುನಿಕ ವೈದ್ಯಶಾಸ್ತ್ರವೂ ಈಚೆಗೆ ಇದೇ ಎಚ್ಚರಿಕೆಯನ್ನು ನೀಡಿದೆ. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ವೈದ್ಯರ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಗಂಟಿಗೆ ಕಾರಣ ಹೆಪ್ಪುಗಟ್ಟಿದ ಹಾಲಿನ ಬಿರಡೆಯಲ್ಲ. ನಾಳಗಳ ಸುತ್ತಲಿನ ಊತದಿಂದ ಅವು ಕಿರಿದಾಗುತ್ತವೆ. ಒತ್ತಿ ತಿಕ್ಕಿದರೆ ಊತ ಹೆಚ್ಚುವುದು, ಒಳಗಿನ ಅಂಗಾಂಶಕ್ಕೆ ಪೆಟ್ಟಾಗುವುದು. ಚರ್ಮವನ್ನು ಹಗುರವಾಗಿ ನೇವರಿಸುವುದು, ತಂಪು ಕೊಡುವುದು, ಮಗುವಿಗೆ ಎಂದಿನಂತೆ ಹಾಲೂಡಿಸುವುದು ಯುಕ್ತ. ಆದರೆ ಸುಶ್ರುತನ 'ಸತತ' ದೋಹನವನ್ನು ಇದು ಒಪ್ಪುವುದಿಲ್ಲ; ಅತಿಯಾಗಿ ಹಿಂಡಿದರೆ ಹಾಲು ಮತ್ತಷ್ಟು ಹೆಚ್ಚಿ ಬಾಧೆ ಬೆಳೆಯುತ್ತದೆ. ಪ್ರಾಚೀನರ ಎಲ್ಲ ಮಾತನ್ನೂ ಇಂದಿನದರೊಡನೆ ಬಲಾತ್ಕಾರದಿಂದ ಹೊಂದಿಸುವುದು ವಿದ್ವತ್ತಿನ ಲಕ್ಷಣವಲ್ಲ. ಜ್ವರವೂ ಕೆಂಪೂ ಕಾಣಿಸಿಕೊಂಡು ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಇನ್ನು ಜೈನ ವೈದ್ಯ ಪರಂಪರೆಯಲ್ಲಿ ಈ ವಿಷಯ ಹೇಗೆ ಬಂದಿತ್ತು? ಪ್ರಾಣಾವಾಯ ಪೂರ್ವವನ್ನು ಮೂಲವಾಗಿ ಹೇಳಿಕೊಳ್ಳುವ ಉಗ್ರಾದಿತ್ಯಾಚಾರ್ಯನು ತನ್ನ ಕಲ್ಯಾಣಕಾರಕದಲ್ಲಿ ಪೂರ್ವಾಚಾರ್ಯರನ್ನು ಸ್ಮರಿಸುತ್ತ, ಶಿಶುವೈದ್ಯವನ್ನು ರಚಿಸಿದವನೆಂದು ಮೇಘನಾದನನ್ನು ಹೆಸರಿಸಿದ್ದಾನೆ. ಆ ಗ್ರಂಥ ದೊರೆತಿಲ್ಲ. ಸ್ತನ್ಯದ ವಿಚಾರ ಕೌಮಾರಭೃತ್ಯದ ಅಂಗವೇ ಆದುದರಿಂದ, ಈ ಪ್ರಶ್ನೆಗೆ ಅದರಲ್ಲಿ ಉತ್ತರವಿದ್ದಿದ್ದರೆ ಅದೂ ಅದರೊಡನೆಯೇ ಮರೆಯಾಗಿರಬಹುದು.

ಓಲೆಯ ಅಂಚು ಮುರಿದು 'ಯುಕ್ತ್ಯಾ' ಎಂಬ ಒಂದು ಪದ ಹೋಗಿದ್ದರೆ, 'ಮರ್ದನ' ಮಾತ್ರ ಉಳಿದು ವಿಧಿಯಾಗುತ್ತಿತ್ತು. ಆದುದರಿಂದ ಬಸದಿಗಳಲ್ಲಿಯೂ ಮನೆಗಳಲ್ಲಿಯೂ ಇರುವ ವೈದ್ಯದ ಬಿಡಿ ಓಲೆಗಳನ್ನು ನಿರುಪಯುಕ್ತವೆಂದು ಬಿಸುಡದೆ ಕಾಪಾಡಬೇಕೆಂದು ವಾಚಕರಲ್ಲಿ ವಿನಂತಿ.